ಪದಚರ್ಚೆ: ಹೈಫೈ ‘ಆಡಿಷನ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಬಳಗದವರಿಗೆ ನಮಸ್ಕಾರ.

ಆಡಿಯೊ ಉಪಕರಣ ಕೊಳ್ಳುವವರಿಗಾಗಿ ಬರೆದ ಕಿರುಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಸ್ಪೀಕರನ್ನೋ ಆಂಪ್ಲಿಫೈಯರನ್ನೋ ಕೊಳ್ಳುವ ಮೊದಲು, ತನಗೆ ಚೆನ್ನಾಗಿ ಪರಿಚಯವಿರುವ ಧ್ವನಿಮುದ್ರಿಕೆಯನ್ನು ಅದರಲ್ಲಿ ಹಾಕಿಸಿ, ಕುಳಿತು ಕೇಳಿ, ಗುಣ ತೂಗುವುದಕ್ಕೆ ಇಂಗ್ಲಿಷಿನಲ್ಲಿ ‘ಆಡಿಷನ್’ ಎನ್ನುತ್ತಾರೆ. ನಮ್ಮ ಓದುಗರಿಗೆ ಆಡಿಷನ್ ಎಂದರೆ ನಟನಟಿಯರ ಆಯ್ಕೆ. ‘ಶ್ರವಣ ಪರೀಕ್ಷೆ’ ಎಂದು ಬರೆದೆ. ಕಿವಿಯ ವೈದ್ಯರಲ್ಲಿಗೆ ಕಳಿಸಿದಂತಾಯಿತು. ‘ಕೊಳ್ಳುವ ಮೊದಲು ಕೇಳಿ ನೋಡಿ’ ಎಂದು ತಿದ್ದಿದೆ. ಅಂಗಡಿಯವರನ್ನು ವಿಚಾರಿಸಿ ಎಂಬ ಅರ್ಥ ಬಂತು. ತಲೆಬರಹಕ್ಕೊಂದು, ಒಳಗಿನ ವಾಕ್ಯಗಳಿಗೊಂದು ಪದ ಬೇಕು. ಯಾವ ಪೆಟ್ಟಿಗೆ ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳಿಸುವ ‘ಬ್ಲೈಂಡ್ ಟೆಸ್ಟ್’ಗೂ ಏನಾದರೂ ಹೊಳೆದರೆ ತಿಳಿಸಿ.

ಮರು: ಆಡಿಷನ್

ಒರೆ. ಇಂಥ ಪದ ಕೈಯಲ್ಲಿರುವಾಗ ಚರ್ಚೆಯೇಕೆ? ‘ಆಲಿಕೆಯೊರೆ’ ಎನ್ನಿ. ಚಿನ್ನವನ್ನು ಕಲ್ಲಿಗೆ ತಿಕ್ಕುವ ‘ಒರೆ’ಯೂ ಹಳಗನ್ನಡದಲ್ಲಿ ‘ನುಡಿ’ ಎಂಬ ಅರ್ಥದ ‘ಒರೆ’ಯೂ ಒಂದೇ ರೂಪದವು. ದನಿಯ ಗುಣ ನೋಡುವುದಕ್ಕೆ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ? ಕತ್ತಿಯ ಒರೆಯನ್ನು ದಯವಿಟ್ಟು ಯಾರೂ ನಡುವೆ ಎಳೆದು ತರಬೇಡಿ. ಅದು ಶಕಟರೇಫದ, ಅಂದರೆ ಹಳಗನ್ನಡದ ಇನ್ನೊಂದು ರಕಾರವಾದ ‘ಱ’ದ, ‘ಒಱೆ’. ‘ಧ್ವನಿಯೊರೆ’ ಎಂದೂ ಮಾಡಬೇಡಿ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸವಾಗುತ್ತದೆ. ಕೈಪಿಡಿಯುದ್ದಕ್ಕೂ ‘ದನಿ’ ಎಂದೇ ಬರೆಯಿರಿ. ಸಂಸ್ಕೃತದ ಹಂಗು ಸಾಕು.

ಮರು: ಮರು: ಆಡಿಷನ್

> ಸಂಸ್ಕೃತದ ಹಂಗು ಸಾಕು.

‘ದನಿ’ ಧ್ವನಿಯ ತದ್ಭವ. ಮಹಾಪ್ರಾಣ ಹೋಯಿತೇ ಹೊರತು ಹಂಗು ಹೋಗಲಿಲ್ಲ. ಇನ್ನು ‘ಆಲಿಕೆಯೊರೆ’ಯನ್ನು ತಲೆಬರಹದಲ್ಲಿ ಕಂಡವರು ಯಾವುದೋ ಊರಿನ ಹೆಸರು ಎಂದುಕೊಂಡಾರು. ‘ಧ್ವನಿಪರೀಕ್ಷೆ’ ಎನ್ನಿ, ಮುಗಿಯಿತು.

ಮರು: ಆಡಿಷನ್

ಮುಗಿಯಲಿಲ್ಲ. ‘ಧ್ವನಿಪರೀಕ್ಷೆ’ ಉದ್ಘೋಷಕರ ಆಯ್ಕೆಗೆ ಆಗಲೇ ಬಳಕೆಯಲ್ಲಿದೆ. ಅಲ್ಲಿಗೆ ಮತ್ತೆ ಆಡಿಷನ್ನಿಗೇ ಬಂದು ನಿಂತೆವು.

ಇಬ್ಬರೂ ಸ್ವಲ್ಪ ನಿಘಂಟು ಮುಚ್ಚಿಟ್ಟು ಕೆಲಸ ಏನೆಂದು ನೋಡಿ. ಒಂದೇ ಸ್ಪೀಕರನ್ನು ಕೇಳಿ ತೀರ್ಮಾನಕ್ಕೆ ಬರುವುದು ಕಷ್ಟ. ಎರಡನ್ನಿಟ್ಟುಕೊಂಡು, ಒಂದೇ ತುಣುಕನ್ನು ಅದಲುಬದಲಾಗಿ ಕೇಳಬೇಕು. ಅಲ್ಲಿ ಮೊದಲು ಮೋಸಮಾಡುವುದು ಸದ್ದಿನ ಮಟ್ಟ. ಒಂದು ಇನ್ನೊಂದಕ್ಕಿಂತ ಅರ್ಧವೋ ಒಂದೋ ಡೆಸಿಬೆಲ್ ಹೆಚ್ಚಿದ್ದರೆ ‘ಇದು ಜೋರಾಗಿದೆ’ ಎನ್ನುವವರು ಕಡಿಮೆ. ‘ಇದು ಸ್ಪಷ್ಟವಾಗಿದೆ, ತುಂಬಿಕೊಂಡಿದೆ’ ಎನ್ನುತ್ತಾರೆ. 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಒಂದು ಸ್ಪೀಕರ್ 87 ಡೆಸಿಬೆಲ್, ಇನ್ನೊಂದು 90 ಕೊಡುತ್ತದೆ ಎನ್ನಿ. ಸದ್ದಿನ ತಿರುಪನ್ನು ಮುಟ್ಟದೆ ಹೋಲಿಸಿದರೆ ಎರಡನೆಯದು ಗೆದ್ದೇ ಗೆಲ್ಲುತ್ತದೆ. ಆ 3 ಡೆಸಿಬೆಲ್ ತುಂಬಲು ಮೊದಲನೆಯದಕ್ಕೆ ಇಮ್ಮಡಿ ವಿದ್ಯುತ್ ಬೇಕು. ಆಂಪ್ಲಿಫೈಯರುಗಳನ್ನು ಹೋಲಿಸುವಾಗಲಂತೂ ಸ್ಪೀಕರಿನ ತುದಿಗಳಲ್ಲಿ ವೋಲ್ಟೇಜ್ ಅಳೆದು, ವ್ಯತ್ಯಾಸ 0.1 ಡೆಸಿಬೆಲ್, ಅಂದರೆ ವೋಲ್ಟೇಜಿನಲ್ಲಿ ಸುಮಾರು ಶೇ 1, ಮೀರದಂತೆ ಸರಿದೂಗಿಸುವುದು ವಾಡಿಕೆ. ಕೋಣೆಯ ಕಿತಾಪತಿ ಬೇರೆ: ಮೂಲೆಗೆ ಒತ್ತಿಟ್ಟ ಸ್ಪೀಕರಿನ ಮಂದ್ರ ಉಬ್ಬಿ ಕೇಳುತ್ತದೆ, ಅದನ್ನು ಪೆಟ್ಟಿಗೆಯ ಗುಣವೆಂದು ಕೊಂಡುಕೊಂಡು ಹೋಗುತ್ತಾರೆ.

ಹಾಗಾಗಿ ತಲೆಬರಹದಲ್ಲಿ ‘ಹೋಲಿಕೆ’ ಇರಲೇಬೇಕು. ಬ್ಲೈಂಡ್ ಟೆಸ್ಟಿಗೆ ‘ಕುರುಡು ಪರೀಕ್ಷೆ’ ಬೇಡ. ಕೇಳುವವರ ಕಣ್ಣು ಸರಿಯಾಗಿಯೇ ಇರುತ್ತದೆ, ಮರೆಯಲ್ಲಿರುವುದು ಪೆಟ್ಟಿಗೆ. ‘ಮರೆಮಾಡಿ ಕೇಳಿಸುವುದು’ ಎನ್ನಿ.

ಮರು: ಮರು: ಆಡಿಷನ್

ಸ್ಪೀಕರ್, ಆಂಪ್ಲಿಫೈಯರ್, ವೋಲ್ಟೇಜ್. ಒಂದೇ ಪ್ಯಾರಾದಲ್ಲಿ ಇಷ್ಟು. ‘ಧ್ವನಿವರ್ಧಕ’ಕ್ಕೆ ಏನಾಗಿತ್ತು?

ಮರು: ಮರು: ಮರು: ಆಡಿಷನ್

ಏನಾಗಿತ್ತೆಂದರೆ, ಅದು ಯಾವುದೆಂದೇ ತಿಳಿಯುವುದಿಲ್ಲ. ಪದ ಬಿಡಿಸಿದರೆ ಆಂಪ್ಲಿಫೈಯರ್. ಪತ್ರಿಕೆ ಓದಿದರೆ ಲೌಡ್‌ಸ್ಪೀಕರ್. ಕೊಳ್ಳುವವರು ಎರಡಕ್ಕೂ ಬೇರೆಬೇರೆ ಹಣ ಕೊಡುತ್ತಾರೆ. ಸಂಗೀತ ‘ಕಚೇರಿ’ ಎಲ್ಲಿಂದ ಬಂತೆಂದು ಯಾರೂ ಕೇಳದಿರುವಾಗ ಸ್ಪೀಕರಿನ ಕುಲಗೋತ್ರವೇಕೆ?

ಮರು: ಆಡಿಷನ್

ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡದ್ದರ ಫಲ ‘ಹೈಫೈ’ಯಲ್ಲೇ ಕಾಣುತ್ತಿದೆ. ಮೂಲದ ಧ್ವನಿಗೆ ನಿಷ್ಠವಾಗಿರುವುದು ಎಂಬ ಅರ್ಥ ಉದುರಿಹೋಗಿ, ಈಗ ‘ಹೈಫೈ ಮದುವೆ’ ನಡೆಯುತ್ತಿದೆ. ಎರವಲು ಪದಕ್ಕೆ ನಮ್ಮಲ್ಲಿ ಬೇರಿಲ್ಲ, ಗಾಳಿ ಬೀಸಿದತ್ತ ಹೋಗುತ್ತದೆ. ‘ಒರೆ’ ಹಾಗೆ ಹೋಗುವುದಿಲ್ಲ.

ಮರು: ಮರು: ಆಡಿಷನ್

‘ಒರೆ’ಗೆ ಮೂರು ಅರ್ಥಗಳನ್ನು ನೀವೇ ಕೊಟ್ಟಿರಿ.

ಮರು: ಆಡಿಷನ್

ಎಲ್ಲರಿಗೂ ಧನ್ಯವಾದ. ತಲೆಬರಹ ‘ಹೋಲಿಸಿ ಆಲಿಸುವುದು’. ಒಳಗೆ ‘ಆಲಿಸಿ ನೋಡಿ’. ‘ಆಲಿಸು’ವಿಗೆ ವಿಚಾರಿಸು ಎಂಬ ಅರ್ಥವಿಲ್ಲ, ಪರೀಕ್ಷಿಸುವ ಅರ್ಥವನ್ನು ‘ನೋಡು’ ಕೊಡುತ್ತದೆ. ‘ಮರೆಮಾಡಿ ಕೇಳಿಸುವುದು’ ಹಾಗೆಯೇ ಸೇರಿತು. ಸ್ಪೀಕರ್ ಸ್ಪೀಕರಾಗಿಯೇ ಉಳಿಯಿತು, ಕ್ಷಮೆಯಿರಲಿ.

ಮುಂದಿನ ಪುಟದಲ್ಲಿ ಧ್ವನಿಯ ಗುಣ ಹೇಳುವ ‘ವಾರ್ಮ್’ ಮತ್ತು ‘ಬ್ರೈಟ್’ ಇವೆ. ‘ಬೆಚ್ಚಗಿನ ಧ್ವನಿ’ ಎಂದು ದಯವಿಟ್ಟು ಯಾರೂ ಸೂಚಿಸಬೇಡಿ.