ಝೂ ಬೋರ್ಡಿಗೆ "ಸ್ಟ್ಯಾಂಡ್-ಆಫ್ ಬ್ಯಾರಿಯರ್" ಕನ್ನಡದಲ್ಲಿ ಏನು? ಸೋಮವಾರದೊಳಗೆ ಬೇಕು

ವಿ.ಎಸ್., ಮೈಸೂರು:
ಎಲ್ಲರಿಗೂ ನಮಸ್ಕಾರ. ಒಂದು ಮೃಗಾಲಯದ ಎಚ್ಚರಿಕೆ ಬೋರ್ಡುಗಳ ಅನುವಾದ ಕೈಯಲ್ಲಿದೆ. ಮಂಗಳವಾರ ಅವರಿಗೆ ರಜೆ, ಬೋರ್ಡು ನೆಡುವುದು ಅವತ್ತೇ. ಅಂದ್ರೆ ಸೋಮವಾರ ಬೆಳಿಗ್ಗೆ ಪೇಂಟರ್ ಕೈಗೆ ಸಾಲುಗಳು ಸಿಗಬೇಕು.

ಸಿಕ್ಕಿಹಾಕಿಕೊಂಡಿರುವುದು "ಸ್ಟ್ಯಾಂಡ್-ಆಫ್ ಬ್ಯಾರಿಯರ್" ಹತ್ತಿರ. ಇದು ಬೋನಿನ ಜಾಲರಿ ಅಲ್ಲ. ಜಾಲರಿಯಿಂದ ಒಂದಷ್ಟು ದೂರ ಬಿಟ್ಟು, ನೋಡುವವರ ಮುಂದೆ ಸೊಂಟದೆತ್ತರಕ್ಕೆ ಕಬ್ಬಿಣದ್ದು ಇರುತ್ತದಲ್ಲ, ಅದು. ಕೈ ಚಾಚಿದರೂ ಜಾಲರಿ ಸಿಗಬಾರದು, ಅಷ್ಟೇ ಅದರ ಕೆಲಸ. "ಮೋಟ್"ಗೆ ಕಂದಕ ಅಂತ ಹಾಕಿದ್ದೇನೆ. ಸಾಕಲ್ವಾ?

ಇನ್ನೊಂದು. ಇಂಗ್ಲಿಷ್ ಸಾಲಿನ ಅರ್ಥ "ಈ ತಡೆ ಇರುವುದು ನಿಮ್ಮನ್ನು ಪ್ರಾಣಿಗಳಿಂದ ಕಾಪಾಡಲು" ಅಂತ. ಬರೆದು ಓದಿದರೆ ಯಾಕೋ ಹಿಡಿಸುತ್ತಿಲ್ಲ. ಬೇರೆ ಹೇಗೆ ಹೇಳಬಹುದು?

ಕೆ.ಆರ್.:
ತಡೆಗೋಡೆ. ನಿಘಂಟಿನಲ್ಲಿದೆ. ಇದಕ್ಕೂ ಒಂದು ಚರ್ಚೆ ಬೇಕಾ?

ವಿ.ಎಸ್.:
ಅಲ್ಲಿ ಗೋಡೆಯೇ ಇಲ್ಲವಲ್ಲ ಸಾರ್. ತಡೆಗೋಡೆ ಅಂದರೆ ಘಾಟಿ ರಸ್ತೆಯಲ್ಲಿ ಮಣ್ಣು ಕುಸಿಯದ ಹಾಗೆ ಕಟ್ಟುವುದು ನೆನಪಾಗುತ್ತದೆ.

ಕೆ.ಆರ್.:
ಹಾಗಾದರೆ ತಡೆಬೇಲಿ. ಅದಿರಲಿ, ನನ್ನ ತಕರಾರು ಕಂದಕದ ಮೇಲೆ. ಅದು ನಮ್ಮದಲ್ಲ. ಫಾರ್ಸಿಯಲ್ಲಿ "ಕಂದನ್" ಅಂದರೆ ಅಗೆಯುವುದು. ಅಲ್ಲಿಂದ ಅರಬ್ಬಿಗೆ ಹೋಗಿ ಖಂದಕ್ ಆಯಿತು, ದಂಡಿನ ಜೊತೆ ಇಲ್ಲಿಗೂ ಬಂತು. ನಮ್ಮಲ್ಲಿ ಅಗಳು ಇದೆ, ಅಗಳ್ತೆ ಇದೆ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಗೆ ಸಾಲಕ್ಕೆ ಯಾಕೆ ಹೋಗಬೇಕು?

ಜಿ.ಎಂ., ಶಿರಸಿ:
ನಮ್ಮ ಕಡೆ ತೋಟದ ಸುತ್ತ ದನ ನುಗ್ಗದ ಹಾಗೆ ತೆಗೆಸುವುದು ಅಗಳ. ಇವತ್ತಿಗೂ ಬದುಕಿರುವ ಮಾತು. ಹಾಗಂತ ಮೈಸೂರಲ್ಲಿ "ಅಗಳು ದಾಟಬೇಡಿ" ಅಂತ ಬರೆದರೆ ಜನ ಅನ್ನದ ಅಗುಳು ಹುಡುಕುತ್ತಾರೆ ಮಾರಾಯರೇ. ಕಾಡಂಚಿನ ಊರುಗಳಲ್ಲಿ ಎಲ್ಲರೂ ಆನೆ ಕಂದಕ ಅನ್ನುತ್ತಾರೆ. ಅವರಿಗೆ ಫಾರ್ಸಿ ಬರುವುದಿಲ್ಲ.

ಕೆ.ಆರ್.:
ಗೊತ್ತಿಲ್ಲದೆ ತಂದರೆ ಸಾಲ ತೀರಿಬಿಡುತ್ತಾ?

ಪಿ.ಎನ್.:
ನಾನು ಮೃಗಾಲಯದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ನಾವು ಅದಕ್ಕೆ "ಕಂಬಿ" ಅಂತಿದ್ದೆವು. "ಮಗೂನ ಕಂಬಿ ಮೇಲೆ ಕೂರಿಸಬೇಡಿ ಸ್ವಾಮಿ" ಅಂತ ಭಾನುವಾರ ಇಡೀ ದಿನ ಕೂಗಿಕೊಂಡೇ ಇರಬೇಕು. ಅಪ್ಪ ಒಂದು ಕೈಯಲ್ಲಿ ಮಗುವಿನ ಹೊಟ್ಟೆ ಹಿಡಿದಿರುತ್ತಾನೆ, ಇನ್ನೊಂದು ಕೈಯಲ್ಲಿ ಫೋನು. ಮಗುವಿನ ಕಾಲು ಆಚೆ ಕಡೆ ಇಳಿಬಿದ್ದಿರುತ್ತದೆ. ಕರಡಿ ಈ ಕಡೆ ನೋಡಲಿ ಅಂತ ಹಿಂದಿನಿಂದ ಯಾರೋ ಶಿಳ್ಳೆ ಹೊಡೆಯುತ್ತಾನೆ. ಹೇಳಿದರೆ "ಏನೂ ಆಗಲ್ಲ ಬಿಡಿ" ಅನ್ನುವ ಉತ್ತರ. ಶಿಳ್ಳೆ ಹೊಡೆಯುವುದೂ ತಪ್ಪೇ. ವನ್ಯಜೀವಿ ಕಾಯ್ದೆಯ ಕಲಂ 38ಜೆಯಲ್ಲಿ ಕೆಣಕುವುದು, ಗಾಯ ಮಾಡುವುದು, ತಿಂಡಿ ಹಾಕುವುದು, ಗದ್ದಲ ಮಾಡುವುದು, ಕಸ ಎಸೆಯುವುದು ಎಲ್ಲವನ್ನೂ ಸೇರಿಸಿಯೇ ನಿಷೇಧಿಸಿದ್ದಾರೆ. ಇದರ ಬೋರ್ಡು ಬರೆಯುವಾಗ "ಕೀಟಲೆ" ಅನ್ನಬೇಡಿ ಮೇಡಂ. ಕೀಟಲೆ ಅಂದರೆ ಮಕ್ಕಳಾಟ ಅನ್ನಿಸುತ್ತದೆ. "ಕೆಣಕಬೇಡಿ" ಅಂತ ಹಾಕಿ.

ಇನ್ನೊಂದು ಮಾತು. ಕಾಪಾಡುವುದು ಅಂದರೆ ಎಲ್ಲರೂ ನೋಡಲು ಬಂದವರನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ದಿನಾ ಒಳಗೆ ಹೋಗುವವರು ಪ್ರಾಣಿ ಪಾಲಕರು. ಹುಲಿಯನ್ನು ಕೋಣೆಗೆ ಸೇರಿಸಬೇಕು, ಗೇಟು ಇಳಿಸಬೇಕು, ಬೀಗ ಜಗ್ಗಿ ನೋಡಬೇಕು. ಎಷ್ಟಿವೆ ಅಂತ ಕಣ್ಣಾರೆ ಎಣಿಸಿದ ಮೇಲೆಯೇ ಪೊರಕೆ ಹಿಡಿದು ಒಳಗೆ ಹೋಗಬೇಕು. 2017ರಲ್ಲಿ ಬನ್ನೇರುಘಟ್ಟದಲ್ಲಿ ಬಿಳಿ ಹುಲಿಗಳ ದಾಳಿಗೆ ಒಬ್ಬರು ಪಾಲಕರು ಸತ್ತರು. ಪಾಲಕರನ್ನು ಉಳಿಸುವುದು ಆ ಬೀಗ, ಈ ಬೋರ್ಡಲ್ಲ.

ಕೆ.ಆರ್.:
ಕಂಬಿ ಅಂದರೆ ಜೈಲು. "ಕಂಬಿ ಎಣಿಸು" ಕೇಳಿಲ್ಲವೇ?

ಟಿ.ಎಲ್., ಧಾರವಾಡ:
ಕೇಳಿದೀವಿ. ಅಲ್ಲಿ ಬೋನಿನೊಳಗ ಇರೋದು ಏನಂತ ತಿಳಿದೀರಿ?

ಪದ ಯಾವುದಾದರೂ ಇರಲಿ. ವಿ.ಎಸ್. ಅವರಿಗೆ ಆ ಸಾಲು ಯಾಕೆ ಹಿಡಿಸಲಿಲ್ಲ ಅನ್ನುವುದನ್ನು ಯಾರೂ ಮುಟ್ಟಿಲ್ಲ. "ಕಳ್ಳರಿಂದ ಕಾಪಾಡು", "ಬೆಂಕಿಯಿಂದ ಕಾಪಾಡು", "ಪ್ರಾಣಿಗಳಿಂದ ಕಾಪಾಡು". ಆ "ಇಂದ" ಪ್ರತ್ಯಯ ಬಂದ ಕೂಡಲೇ ಪ್ರಾಣಿ ಆರೋಪಿ ಆಗುತ್ತದೆ. "ಕ್ರೂರಮೃಗ" ಅನ್ನುವ ಮಾತೂ ಹಾಗೇ. ಹುಲಿಗೆ ಎಲ್ಲಿಯ ಕ್ರೌರ್ಯ? ಹಸಿವು ಇದೆ, ಹೆದರಿಕೆ ಇದೆ. ತಂದು ಇಟ್ಟವರು ನಾವು, ಟಿಕೆಟ್ ಹರಿದು ನೋಡುವವರೂ ನಾವು.

2014ರ ಸೆಪ್ಟೆಂಬರಿನಲ್ಲಿ ದೆಹಲಿಯ ಮೃಗಾಲಯದಲ್ಲಿ ಒಬ್ಬ ಯುವಕ ಬಿಳಿ ಹುಲಿ ವಿಜಯ್‌ನ ಕಂದಕಕ್ಕೆ ಬಿದ್ದ. ಹುಲಿ ಸುಮಾರು ಹೊತ್ತು ಎದುರಿಗೆ ಸುಮ್ಮನೆ ನಿಂತಿತ್ತು. ಮೇಲಿದ್ದವರು ಕೂಗಿದರು, ಕಲ್ಲು ಎಸೆದರು. ಆಮೇಲೆ ಅದು ಅವನ ಕುತ್ತಿಗೆಗೆ ಬಾಯಿ ಹಾಕಿತು. ಅಲ್ಲಿ ಯಾರಿಂದ ಯಾರನ್ನು ಕಾಪಾಡಬೇಕಿತ್ತು?

ಎಸ್.ಬಿ., ಒಹಾಯೊ:
ಟಿ.ಎಲ್. ಅವರ ಮಾತಿಗೆ ನಮ್ಮೂರಿನದೂ ಸೇರಿಸುತ್ತೇನೆ. 2016ರ ಮೇ 28, ಸಿನ್ಸಿನಾಟಿ ಮೃಗಾಲಯ. ಮೂರು ವರ್ಷದ ಮಗು ಬೇಲಿ ನುಸುಳಿ ಗೊರಿಲ್ಲಾದ ಕಂದಕಕ್ಕೆ ಬಿತ್ತು. ಹರಾಂಬೆ ಅನ್ನುವ ಗೊರಿಲ್ಲಾಗೆ ಹಿಂದಿನ ದಿನವಷ್ಟೇ ಹದಿನೇಳು ತುಂಬಿತ್ತು. ಅದು ಮಗುವನ್ನು ನೀರಿನಲ್ಲಿ ಎಳೆದಾಡಿತು. ಸಿಬ್ಬಂದಿ ಅದನ್ನು ಗುಂಡಿಟ್ಟು ಕೊಂದರು, ಮಗು ಉಳಿಯಿತು. "ಅರಿವಳಿಕೆ ಹೊಡೆಯಬಹುದಿತ್ತಲ್ಲ" ಅಂತ ಇಲ್ಲಿ ಇವತ್ತಿಗೂ ಕೇಳುತ್ತಾರೆ.

ಪಿ.ಎನ್.:
ಆಗುವುದಿಲ್ಲ. ಸಿನಿಮಾದಲ್ಲಿ ಚುಚ್ಚಿದ ತಕ್ಷಣ ಬೀಳುತ್ತದೆ. ನಿಜದಲ್ಲಿ ಮದ್ದು ಮೈಗೆ ಹತ್ತಲು ನಿಮಿಷಗಟ್ಟಲೆ ಬೇಕು. ಪ್ರಾಣಿ ಗಾಬರಿಯಾಗಿದ್ದರೆ ಇನ್ನೂ ತಡ. ಮೊದಲಿಗೆ ಸೂಜಿಯ ನೋವಿಗೇ ರೇಗುತ್ತದೆ. ಅಷ್ಟರಲ್ಲಿ ಮಗು ಅದರ ಕೈಯಲ್ಲಿದೆ. ಗುಂಡು ಹೊಡೆದವರನ್ನು ನಾನು ಬೈಯುವುದಿಲ್ಲ. ಆ ಬೇಲಿಯನ್ನು "ಇಷ್ಟು ಸಾಕು" ಅಂತ ಬಿಟ್ಟವರನ್ನು ಕೇಳಬೇಕು.

ಎಸ್.ಬಿ.:
ಹೌದು. ಬೇಲಿ ಇದ್ದದ್ದು ಮೂರಡಿ. 1978ರಿಂದ ಯಾರೂ ದಾಟಿರಲಿಲ್ಲ ಅನ್ನುವುದೇ ಅವರ ಸಮರ್ಥನೆ. ಆಮೇಲೆ 42 ಇಂಚಿಗೆ ಏರಿಸಿ ಹಗ್ಗದ ಬಲೆ ಹಾಕಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಇದೇ ಕತೆ. 2007ರ ಕ್ರಿಸ್‌ಮಸ್ ದಿನ ಟಾಟಿಯಾನಾ ಎಂಬ ಹುಲಿ ಹೊರಗೆ ಬಂದು ಒಬ್ಬನನ್ನು ಕೊಂದಿತು, ಪೊಲೀಸರು ಅದನ್ನು ಕೊಂದರು. ಆಮೇಲೆ ಅಳೆದು ನೋಡಿದರೆ ಗೋಡೆ ಹನ್ನೆರಡೂವರೆ ಅಡಿ. ಅಲ್ಲಿನ ಮೃಗಾಲಯಗಳ ಸಂಘ ಶಿಫಾರಸು ಮಾಡಿದ್ದು ಹದಿನಾರಕ್ಕೂ ಜಾಸ್ತಿ. ಲೆಕ್ಕ ತಪ್ಪಿದ್ದು ಕಟ್ಟಿದವರದು, ಸತ್ತದ್ದು ಇನ್ಯಾರೋ.

ಕೆ.ಆರ್.:
ಎಸ್.ಬಿ. ಅರಿವಳಿಕೆ ಅಂತ ಬರೆದರು. ಗಮನಿಸಿದಿರಾ? ಅರಿವು, ಅಳಿ. ಅಪ್ಪಟ ಕನ್ನಡ. ಪತ್ರಿಕೆಯವರು ದಿನಾ ಬರೆದರು, ಜನ ಹಿಡಿದರು. ನೀವು ಬಳಸದೆ ಅಗಳನ್ನು ಸಾಯಿಸುತ್ತಿದ್ದೀರಿ, ಅಷ್ಟೇ.

ಜಿ.ಎಂ.:
ಅರಿವಳಿಕೆ ಗೆದ್ದಿತು, ಒಪ್ಪಿದೆ. ಅದೇ ಪತ್ರಿಕೆಯ ಅದೇ ಸುದ್ದಿಯಲ್ಲಿ "ಸೆರೆ ಹಿಡಿದ ಆನೆಯನ್ನು ಕ್ರಾಲ್‌ಗೆ ಹಾಕಲಾಯಿತು" ಅಂತಲೂ ಇರುತ್ತದೆ. ಕ್ರಾಲ್ ಬಂದದ್ದು ದಕ್ಷಿಣ ಆಫ್ರಿಕಾದ ಡಚ್ಚರಿಂದ, ಅವರಿಗೆ ಪೋರ್ಚುಗೀಸರಿಂದ. ದುಬಾರೆಯ ಮಾವುತರು ಅದನ್ನು ಸಲೀಸಾಗಿ ಅನ್ನುತ್ತಾರೆ. ಸಫಾರಿ ಅರಬ್ಬಿಯಿಂದ ಸ್ವಾಹಿಲಿಗೆ ಹೋಗಿ ಇಂಗ್ಲಿಷಿನ ಹೆಗಲೇರಿ ಬಂದದ್ದು. ಮೃಗಾಲಯ ಪೂರ್ತಿ ಸಂಸ್ಕೃತ. ನೀವು ಜರಡಿ ಹಿಡಿದರೆ ಬೋರ್ಡಿನಲ್ಲಿ "ಬೇಡಿ" ಒಂದೇ ಉಳಿಯುತ್ತದೆ.

ಕೆ.ಆರ್.:
ಕ್ರಾಲ್ ಅನ್ನುವ ಕಡೆ ದೊಡ್ಡಿ ಅನ್ನಬಹುದಿತ್ತು. ಯಾರೂ ಕೇಳಲಿಲ್ಲ.

ಪಿ.ಎನ್.:
ದೊಡ್ಡಿ ದನಕ್ಕೆ ಸಾರ್. ಅದನ್ನು ಆನೆ ಒಂದು ತಳ್ಳಿಗೆ ಮಲಗಿಸುತ್ತದೆ. ಕ್ರಾಲ್ ಅಂದರೆ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೋಣಿಸಿ ಕಟ್ಟಿದ್ದು. ವಸ್ತು ಬೇರೆ, ಹಾಗಾಗಿ ಹೆಸರು ಬೇರೆ ಬಂತು.

ಟಿ.ಎಲ್.:
ಮೈಸೂರಿನ ಮೃಗಾಲಯ 1892ರಲ್ಲಿ ಶುರುವಾದಾಗ ಜನ ಅದನ್ನು ತಮಾಷೆ ಬಂಗಲೆ ಅನ್ನುತ್ತಿದ್ದರಂತೆ. ತಮಾಷೆ ಎಲ್ಲಿಂದಲೋ ಬಂತು, ಬಂಗಲೆ ಎಲ್ಲಿಂದಲೋ. ಆದರೆ ನೋಡುವವರ ಮನಸ್ಸಿನಲ್ಲಿ ಇದ್ದದ್ದನ್ನು "ಆಲಯ"ಕ್ಕಿಂತ ನೇರವಾಗಿ ಹೇಳುತ್ತದೆ. ಸಾಲದ ಮಾತು ಸುಳ್ಳು ಹೇಳಲೇಬೇಕು ಅಂತೇನಿಲ್ಲ.

ಹಾಗೇ ಕಂದಕದ ಬಗ್ಗೆ ಒಂದು. ಸರಳಿಲ್ಲದೆ ಬರೀ ಕಂದಕ ತೋಡಿ ಪ್ರಾಣಿ ಇಡುವುದನ್ನು ದೊಡ್ಡದಾಗಿ ಮಾಡಿ ತೋರಿಸಿದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್, 1907ರಲ್ಲಿ, ಹ್ಯಾಂಬರ್ಗ್ ಹತ್ತಿರ. ಪ್ರಾಣಿಗೆ ಒಂದಿಷ್ಟು ಬಯಲು ಸಿಕ್ಕಿತು, ಒಳ್ಳೆಯದೇ. ಆದರೆ ತಡೆ ಕಣ್ಣಿಗೆ ಕಾಣದ ಹಾಗಾಯಿತು. ಕಾಣದಿದ್ದರೆ ಜನಕ್ಕೆ ಅದು ಇಲ್ಲವೇ ಇಲ್ಲ. ನನ್ನ ಕೇಳಿದರೆ ಬೋರ್ಡಿನ ಕೆಲಸ ಅಲ್ಲಿ ಹಳ್ಳ ಇದೆ ಅಂತ ನೆನಪಿಸುವುದು. ಕಟಕಟೆ ಅನ್ನಬಹುದಾ? ಕೋರ್ಟಿನಲ್ಲಿ ನಿಲ್ಲುವ ಹಾಗೆ ಜನ ನಿಲ್ಲಲಿ.

ಜಿ.ಎಂ.:
ಚೆನ್ನಾಗಿದೆ. ಆದರೆ ಮಕ್ಕಳಿಗೆ ತಿಳಿಯುವುದಿಲ್ಲ.

ವಿ.ಎಸ್.:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ರಾತ್ರಿ ಆಯಿತು, ಮುಗಿಸುತ್ತೇನೆ. ಕಂಬಿ ಮತ್ತು ಕಂದಕ ಅಂತ ತೀರ್ಮಾನ ಮಾಡಿದೆ. ಕೆ.ಆರ್. ಸಾರ್, ಬೇಜಾರು ಮಾಡಿಕೊಳ್ಳಬೇಡಿ. ತಡೆಬೇಲಿಯನ್ನು ಒಳಗಿನ ಕೈಪಿಡಿಗೆ ಹಾಕಿದ್ದೇನೆ. ಕಂಬಿ ಹತ್ತಿರದ ಸಾಲು ಹೀಗಿದೆ:

"ಕಂಬಿ ದಾಟಬೇಡಿ. ಮಕ್ಕಳನ್ನು ಅದರ ಮೇಲೆ ಕೂರಿಸಬೇಡಿ. ಆಚೆ ಆಳವಾದ ಕಂದಕವಿದೆ. ನೀವು ಬಿದ್ದರೆ ನಿಮ್ಮ ಜೀವಕ್ಕೂ ಪ್ರಾಣಿಯ ಜೀವಕ್ಕೂ ಅಪಾಯ."

ಕೊನೆಯ ಸಾಲನ್ನು ಮೊದಲು "ನಿಮ್ಮನ್ನು ಉಳಿಸಲು ಪ್ರಾಣಿಯನ್ನು ಕೊಲ್ಲಬೇಕಾಗಬಹುದು" ಅಂತ ಬರೆದು ಕಳಿಸಿದ್ದೆ. ಮನೆಮಂದಿ ಮಕ್ಕಳ ಜೊತೆ ಬರುವ ಜಾಗ, ಅಷ್ಟು ಖಾರ ಬೇಡ ಅಂತ ವಾಪಸ್ ಬಂತು.

ಪಿ.ಎನ್.:
ಆ ಖಾರದ ಸಾಲೇ ಇರಬೇಕಿತ್ತು ಮೇಡಂ. ಇನ್ನೊಮ್ಮೆ ಕೇಳಿ ನೋಡಿ. ಒಪ್ಪದಿದ್ದರೆ ಕೊನೆಯ ಪಕ್ಷ "ಪ್ರಾಣಿಯ ಜೀವಕ್ಕೂ" ಅನ್ನುವುದನ್ನು ಕೆಂಪು ಬಣ್ಣದಲ್ಲಿ ಬರೆಸಿ.

ಕೆ.ಆರ್.:
ಬೇಜಾರೇನಿಲ್ಲ. "ಅಪಾಯ" ಸಂಸ್ಕೃತ. ಗಂಡಾಂತರವೂ ಸಂಸ್ಕೃತವೇ. "ಕುತ್ತು" ಅನ್ನಬಹುದಿತ್ತು, ಎರಡೇ ಅಕ್ಷರ. ಪೇಂಟರಿಗೂ ಬಣ್ಣ ಉಳಿಯುತ್ತಿತ್ತು.

ವಿ.ಎಸ್.:
"ಜೀವಕ್ಕೆ ಕುತ್ತು" ಚೆನ್ನಾಗಿದೆ ಸಾರ್! ತಗೊಂಡೆ. ಬೆಳಿಗ್ಗೆ ಫೋನ್ ಮಾಡಿ ಬದಲಾಯಿಸುತ್ತೇನೆ.