ಬೇಸಿಗೆ ರಜೆಯ ಓದಿಗೆ ಜರ್ನಲ್: ಎಷ್ಟು ಬರೆಸಬೇಕು, ಹೇಗೆ ತಿದ್ದಬೇಕು?

ಪ್ರಶ್ನೆ: ಅಮೆರಿಕದ ಹೈಸ್ಕೂಲಿನಲ್ಲಿ 11 ಮತ್ತು 12ನೇ ತರಗತಿಯ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್: ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಕೋರ್ಸ್, ಕೊನೆಗೆ ಪರೀಕ್ಷೆ) ಇಂಗ್ಲಿಷ್ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಎರಡು ಪುಸ್ತಕ ಓದಿಸಿ, ಓದುತ್ತಲೇ ಜರ್ನಲ್ ಬರೆಸಬೇಕಿದೆ. ಈಗಿರುವ ನಿಯಮ ಪುಸ್ತಕಕ್ಕೆ 30 ಟಿಪ್ಪಣಿ. ಬರುವುದೆಲ್ಲ ಕಥೆಯ ಸಾರಾಂಶ, ಅದೂ ಆಗಸ್ಟ್ ಕೊನೆಯ ಎರಡು ರಾತ್ರಿ ಗೀಚಿದ್ದು. ಎಷ್ಟು ಟಿಪ್ಪಣಿ ಸಾಕು? 30 ಮಕ್ಕಳ ಜರ್ನಲ್ ನೋಡುವ ದಾರಿ ಯಾವುದು? ಎಐ ಬಂದ ಮೇಲೂ ಇದನ್ನು ಮಾಡಿಸುವುದರಲ್ಲಿ ಅರ್ಥವಿದೆಯೇ?

ಉತ್ತರ (ಎಪಿ ಲಿಟರೇಚರ್ ಕಲಿಸುವವರು):

ಮೊದಲ ಕೆಲಸ, 30ನ್ನು 10ಕ್ಕೆ ಇಳಿಸಿ. 300 ಪುಟದ ಕಾದಂಬರಿಗೆ 30 ಟಿಪ್ಪಣಿ ಎಂದರೆ ಹತ್ತು ಪುಟಕ್ಕೊಂದು. ಅಷ್ಟಾದರೆ ವಿದ್ಯಾರ್ಥಿ ಓದುವುದನ್ನು ಬಿಟ್ಟು ವಾಕ್ಯ ಹೆಕ್ಕುವುದಕ್ಕೆ ನಿಲ್ಲುತ್ತಾನೆ. ಪುಟಗಳ ಲೆಕ್ಕದಲ್ಲಿ ಪುಸ್ತಕವನ್ನು ಐದು ಸಮಭಾಗ ಮಾಡಿ, ಭಾಗಕ್ಕೆ ಎರಡು ಟಿಪ್ಪಣಿ ಕೇಳಿ. ಹೀಗೆ ಹಂಚದಿದ್ದರೆ ಹತ್ತರಲ್ಲಿ ಎಂಟು ಮೊದಲ ಐವತ್ತು ಪುಟಗಳಿಂದಲೇ ಬರುತ್ತವೆ, ಉಳಿದೆರಡು ಕೊನೆಯ ಪುಟದಿಂದ.

ಗೆರೆ ಹಾಕಿದ ಸಾಮಾನ್ಯ ನೋಟ್‌ಬುಕ್ ಸಾಕು. ಹಾಳೆಯನ್ನು ಮಡಚಿ ಎಡಕ್ಕೆ ಮೂರನೇ ಒಂದು ಭಾಗ, ಬಲಕ್ಕೆ ಉಳಿದದ್ದು. ಎಡಗಡೆ ಪುಸ್ತಕದ ವಾಕ್ಯ, ಮೂರು ಸಾಲಿಗಿಂತ ಹೆಚ್ಚಿಲ್ಲ, ಜೊತೆಗೆ ಅಧ್ಯಾಯ ಮತ್ತು ಪುಟಸಂಖ್ಯೆ ಎರಡೂ. ಬೇರೆ ಬೇರೆ ಆವೃತ್ತಿಗಳಲ್ಲಿ ಪುಟ ಬದಲಾಗುತ್ತದೆ, ಅಧ್ಯಾಯ ಬದಲಾಗುವುದಿಲ್ಲ. ಬಲಗಡೆ 80ರಿಂದ 120 ಪದಗಳ ಪ್ರತಿಕ್ರಿಯೆ. ಮೇಲೆ ತಾರೀಖು. ಇದನ್ನೇ ಡೈಲೆಕ್ಟಿಕಲ್ ಜರ್ನಲ್ ಅನ್ನುವುದು. ಬರವಣಿಗೆಯ ಬೋಧನೆಯಲ್ಲಿ ಈ ಎರಡು ಅಂಕಣದ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಆ್ಯನ್ ಬರ್ಥಾಫ್ ಮುಖ್ಯರು.

ಸಾರಾಂಶ ಬರೆಯಬೇಡಿ ಎಂದು ಹೇಳಿದರೆ ಏನೂ ಆಗುವುದಿಲ್ಲ. ಯಾವುದು ಸಾರಾಂಶ ಎಂದು ಮಕ್ಕಳಿಗೆ ಗೊತ್ತಿದ್ದರೆ ತಾನೇ? ಒಂದು ಪರೀಕ್ಷೆ ಕೊಡಿ: ಎಡಗಡೆಯ ವಾಕ್ಯವನ್ನು ಕೈಯಲ್ಲಿ ಮುಚ್ಚಿ ಬಲಗಡೆಯದನ್ನು ಓದಬೇಕು. ವಾಕ್ಯವಿಲ್ಲದೆಯೂ ಅದು ಪೂರ್ತಿಯಾಗಿ ನಿಂತರೆ ಟಿಪ್ಪಣಿ ಸೋತಿದೆ ಎಂದರ್ಥ. ಉದಾಹರಣೆಗೆ ಎಡಗಡೆ ಇಂಥದೊಂದು ವಾಕ್ಯ ಇದೆ ಎಂದುಕೊಳ್ಳಿ: ‘ಅವಳು ಬಾಗಿಲು ಮುಚ್ಚಲಿಲ್ಲ, ಬಾಗಿಲು ಮುಚ್ಚಿಕೊಂಡಿತು.’ ಸೋತ ಟಿಪ್ಪಣಿ: ‘ಇಲ್ಲಿ ಅವಳ ಒಂಟಿತನ ಕಾಣುತ್ತದೆ, ಗಂಡ ಹೋದ ಮೇಲೆ ಅವಳಿಗೆ ಯಾರೂ ಇಲ್ಲ.’ ಇದನ್ನು ಯಾವ ವಾಕ್ಯದ ಎದುರಾದರೂ ಬರೆಯಬಹುದು. ಗೆದ್ದ ಟಿಪ್ಪಣಿ: ‘ಮೊದಲ ಅರ್ಧದಲ್ಲಿ ಕರ್ತೃ ಅವಳು, ಆದರೆ ಕ್ರಿಯೆ ನಡೆಯಲಿಲ್ಲ. ಎರಡನೆಯದರಲ್ಲಿ ಕ್ರಿಯೆ ನಡೆಯಿತು, ಆದರೆ ಕರ್ತೃ ಬಾಗಿಲು. ತಾನು ಮಾಡಿದ್ದಕ್ಕೆ ತಾನು ಹೊಣೆಯಲ್ಲ ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಾಳೆಯೇ, ಅಥವಾ ನಿರೂಪಕ ಅವಳನ್ನು ಕಾಪಾಡುತ್ತಿದ್ದಾನೆಯೇ? ಎರಡನೇ ಅಧ್ಯಾಯದಲ್ಲಿ ಪತ್ರ ಹರಿದಾಗಲೂ ವಾಕ್ಯ ಹೀಗೇ ಇತ್ತು.’ ಒಂದು ಪ್ರಶ್ನೆ, ಒಂದು ವ್ಯಾಕರಣದ ಗಮನಿಕೆ, ಹಿಂದಿನ ಪುಟಕ್ಕೊಂದು ಕೊಂಡಿ. ಇಷ್ಟಿದ್ದರೆ ಎಪಿ ಮಟ್ಟಕ್ಕೆ ಬಂತು.

ಈ ಜೋಡಿಯನ್ನು ರಜೆಗೆ ಮುಂಚೆ ತರಗತಿಯಲ್ಲಿ ತೋರಿಸಿ, ಗೊತ್ತಿಲ್ಲದ ಒಂದು ಪುಟ ಕೊಟ್ಟು, 40 ನಿಮಿಷದಲ್ಲಿ ಎಲ್ಲರೂ ಒಂದು ಟಿಪ್ಪಣಿ ಬರೆದು ಅಕ್ಕಪಕ್ಕದವರ ಜೊತೆ ಬದಲಿಸಿಕೊಳ್ಳಲಿ. ಈ 40 ನಿಮಿಷ ಬಿಟ್ಟರೆ ಮುಂದಿನ ಹತ್ತು ವಾರ ನೀರಿನಲ್ಲಿ ಹೋಮ.

ಇನ್ನೊಂದು ಸಣ್ಣ ನಿಯಮ ಸೇರಿಸಿ. ಪುಸ್ತಕ ಮುಗಿದ ಮೇಲೆ ಮೊದಲ ಭಾಗದ ಒಂದು ಟಿಪ್ಪಣಿಗೆ ವಾಪಸು ಬಂದು, ಬೇರೆ ಬಣ್ಣದ ಪೆನ್ನಿನಲ್ಲಿ ‘ಆಗ ಹೀಗಂದುಕೊಂಡಿದ್ದೆ, ಈಗ ಯಾಕೆ ಅಲ್ಲ’ ಎಂದು ಐದು ಸಾಲು. ಇಡೀ ಜರ್ನಲ್‌ನಲ್ಲಿ ಓದಲು ಖುಷಿ ಕೊಡುವುದು ಬಹುತೇಕ ಈ ಐದು ಸಾಲೇ.

ತಿದ್ದುವ ಲೆಕ್ಕ: 30 ಮಕ್ಕಳು, ಎರಡು ಪುಸ್ತಕ, ಹತ್ತು ಟಿಪ್ಪಣಿ, ಒಟ್ಟು 600. ಒಂದಕ್ಕೆ ಎರಡು ನಿಮಿಷವಾದರೂ 20 ಗಂಟೆ. ಯಾರೂ ಮಾಡುವುದಿಲ್ಲ, ಮಾಡಿದರೂ ಕೊನೆಯ ಹತ್ತು ಮಕ್ಕಳಿಗೆ ನ್ಯಾಯ ಸಿಗುವುದಿಲ್ಲ. ಪುಸ್ತಕಕ್ಕೆ ಎರಡು ಟಿಪ್ಪಣಿಗೆ ವಿದ್ಯಾರ್ಥಿಯೇ ನಕ್ಷತ್ರ ಹಾಕಲಿ, ಮೂರನೆಯದನ್ನು ನೀವು ಆರಿಸಿ. 180 ಟಿಪ್ಪಣಿ, ಆರು ಗಂಟೆ. ಉಳಿದವು ಇವೆಯೋ ಇಲ್ಲವೋ ಎಂದಷ್ಟೇ ನೋಡಿ. ಅಂಕಕ್ಕೆ ಹೊಸ ಅಳತೆಗೋಲು ಬೇಡ. 2019ರಿಂದ ಎಪಿ ಪ್ರಬಂಧಕ್ಕೆ ಆರು ಅಂಕದ ಅಳತೆ ಇದೆ: ವಾದಕ್ಕೆ 1, ಆಧಾರ ಮತ್ತು ವಿವರಣೆಗೆ 4, ಸೂಕ್ಷ್ಮತೆಗೆ 1. ನಡುವಿನ 4 ಅಂಕದ ಭಾಗವನ್ನು ಮಾತ್ರ ಟಿಪ್ಪಣಿಗೆ ಬಳಸಿ. ಮಕ್ಕಳಿಗೆ ಪರೀಕ್ಷೆಯ ಭಾಷೆ ಜೂನ್‌ನಲ್ಲೇ ರೂಢಿಯಾಗುತ್ತದೆ.

ಉತ್ತರ (ಎಪಿ ಲ್ಯಾಂಗ್ವೇಜ್ ಕಲಿಸುವವರು):

ಮೇಲಿನದು ಕಾದಂಬರಿಗೆ ಸರಿ. 11ನೇ ತರಗತಿಯಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವ ಲ್ಯಾಂಗ್ವೇಜ್ ಕೋರ್ಸಿನಲ್ಲಿ ಹೆಚ್ಚಿನ ಓದು ಕಥೆಯಲ್ಲ, ವಾದ. ಅಲ್ಲಿ ಬಲಗಡೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಈಗಲೇ ಹೇಳಬೇಕಾದ ತುರ್ತು ಏನು, ಈ ವಾಕ್ಯ ಇಲ್ಲಿ ಯಾವ ಕೆಲಸ ಮಾಡುತ್ತಿದೆ? ಇಲ್ಲಿ ಕೆಡುವುದು ಎರಡು ಕಡೆ. ಒಂದು, ಲೇಖಕರನ್ನು ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಜಗಳಕ್ಕೆ ಇಳಿಯುವುದು. ಇನ್ನೊಂದು, ಅಲಂಕಾರದ ಹೆಸರು ಪಟ್ಟಿ ಮಾಡುವುದು. ‘ಇಲ್ಲಿ ಪುನರುಕ್ತಿ ಇದೆ’ ಎಂದರೆ ಸಾಲದು. ಮೂರು ಸಲ ಹೇಳಿ ನಾಲ್ಕನೆಯ ಸಲ ಯಾಕೆ ಬಿಟ್ಟರು ಎಂದು ಕೇಳಿದಾಗ ವಿಶ್ಲೇಷಣೆ ಶುರುವಾಗುತ್ತದೆ. ಅಲಂಕಾರದ ಹೆಸರು ಗೊತ್ತಿಲ್ಲದೆ ಬರೆದ ಒಳ್ಳೆ ಟಿಪ್ಪಣಿಗೆ ಪೂರ್ಣ ಅಂಕ ಕೊಡಿ, ಹೆಸರನ್ನು ಸೆಪ್ಟೆಂಬರ್‌ನಲ್ಲಿ ಕಲಿಸಬಹುದು.

ಉತ್ತರ (ಶಾಲಾ ಗ್ರಂಥಪಾಲಕರು):

ಪುಸ್ತಕ ಸಿಗುತ್ತದೆಯೇ ಎಂದು ಮೊದಲು ನೋಡಿ. ಒಂದು ಎಲ್ಲರಿಗೂ ಸಾಮಾನ್ಯ, ಇನ್ನೊಂದು ಎಂಟು ಹತ್ತರ ಪಟ್ಟಿಯಿಂದ ಆಯ್ಕೆ; ಹೀಗಿದ್ದರೆ ಒಂದೇ ಪ್ರತಿಗೆ ಮೂವತ್ತು ಜನ ಮುಗಿಬೀಳುವುದಿಲ್ಲ. ಪಟ್ಟಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಮೇ ತಿಂಗಳಲ್ಲೇ ಕಳಿಸಿ. ಗ್ರಂಥಾಲಯದ ಪ್ರತಿಯಲ್ಲಿ ಗೆರೆ ಎಳೆಯುವ ಹಾಗಿಲ್ಲ, ಆದ್ದರಿಂದ ಒಂದೊಂದು ಕಟ್ಟು ಸ್ಟಿಕಿ ನೋಟ್ ಕೊಡಿ: ಓದುವಾಗ ಅಂಟಿಸುವುದು, ಭಾಗ ಮುಗಿದಾಗ ಅದರಲ್ಲಿ ಎರಡನ್ನು ಆರಿಸಿ ಜರ್ನಲ್‌ಗೆ ಬರೆಯುವುದು. ಆಡಿಯೋಬುಕ್ ಕೇಳುವವರು ಪುಟದ ಬದಲು ಅಧ್ಯಾಯ ಮತ್ತು ನಿಮಿಷ ಬರೆಯಲಿ.

ಉತ್ತರ (ಎಪಿ ಲಿಟರೇಚರ್, ಇನ್ನೊಬ್ಬರು):

ಎಐ ಬಗ್ಗೆ. ಪತ್ತೆ ಮಾಡುವ ಸಾಫ್ಟ್‌ವೇರ್ ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಕೈಬರಹ ಕೇಳುವುದೂ ಪೂರ್ತಿ ಮದ್ದಲ್ಲ, ನೋಡಿಕೊಂಡು ನಕಲು ಮಾಡಬಹುದು. ಕೆಲಸಕ್ಕೆ ಬರುವುದು ಎರಡು. ಎಡಗಡೆಯ ವಾಕ್ಯ ಆ ಅಧ್ಯಾಯದಲ್ಲಿ ನಿಜವಾಗಿ ಇದೆಯೇ ಎಂದು ಒಬ್ಬೊಬ್ಬರದರಲ್ಲಿ ಎರಡೆರಡು ನೋಡಿ; ಯಂತ್ರ ಇಲ್ಲದ ವಾಕ್ಯವನ್ನು ಸಲೀಸಾಗಿ ಸೃಷ್ಟಿಸುತ್ತದೆ. ಆಮೇಲೆ ಮೊದಲ ವಾರ ತರಗತಿಯಲ್ಲೇ, ಜರ್ನಲ್ ತೆರೆದಿಟ್ಟು, ನೀವು ಆರಿಸಿದ ಒಂದು ಟಿಪ್ಪಣಿಯನ್ನು 30 ನಿಮಿಷದಲ್ಲಿ ಒಂದು ಪುಟಕ್ಕೆ ಬೆಳೆಸಲು ಹೇಳಿ. ತಾನೇ ಯೋಚಿಸಿ ಬರೆದವರಿಗೆ ಇದು ಸುಲಭದ ಬರಹ. ಬೇರೆ ಕಡೆಯಿಂದ ತಂದವರು ಮೂರನೇ ಸಾಲಿಗೆ ಸಾರಾಂಶಕ್ಕೆ ಜಾರುತ್ತಾರೆ. ಆರೋಪವೇ ಬೇಡ, ಅಂಕ ತಾನಾಗಿ ಅದನ್ನು ಹೇಳುತ್ತದೆ.

ಜರ್ನಲ್‌ಗೆ ಮೊದಲ ಅವಧಿಯ ಅಂಕದಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಕೊಡಬೇಡಿ. ಶೇ. 20 ಇಟ್ಟರೆ ನಕಲಿಗೆ ನೀವೇ ಆಮಂತ್ರಣ ಕಳಿಸಿದ ಹಾಗೆ. ತರಗತಿಯ ಆ ಒಂದು ಪುಟಕ್ಕೆ ಬೇಕಿದ್ದರೆ ಹೆಚ್ಚು ಕೊಡಿ.

ಎರಡು ರಾತ್ರಿಯ ಗೀಚಾಟಕ್ಕೆ ತಾರೀಖೊಂದೇ ಸಾಲದು, ಸುಳ್ಳು ತಾರೀಖು ಹಾಕಲು ಏನು ಖರ್ಚು? ಜುಲೈ ಮಧ್ಯದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರ ಒಮ್ಮೆ, ಒಂದು ಪುಟದ ಫೋಟೋ ಕಳಿಸಲಿ. ಅದಕ್ಕೆ ಅಂಕ ಬೇಡ, ಒಂದು ಸಾಲಿನ ಮರುಪ್ರಶ್ನೆ ಕಳಿಸಿದರೆ ಸಾಕು. ಇಂಟರ್ನೆಟ್ ಇಲ್ಲದ ಮನೆಗಳು, ಬೇಸಿಗೆ ಪೂರ್ತಿ ಕೆಲಸಕ್ಕೆ ಹೋಗುವ ಮಕ್ಕಳು ಇದ್ದಾರೆ, ಆದ್ದರಿಂದ ಇದನ್ನು ಕಡ್ಡಾಯ ಮಾಡಬೇಡಿ. ಎಲ್ಲರೂ ಓದುವ ಪುಸ್ತಕವನ್ನು ರಜೆಯ ಕೊನೆಯ ಮೂರು ವಾರಕ್ಕೆ ಇಡಲು ಹೇಳಿ, ಆಯ್ಕೆಯ ಪುಸ್ತಕ ಯಾವಾಗಲಾದರೂ ಆಗಲಿ. ಜೂನ್‌ನಲ್ಲಿ ಓದಿದ್ದರ ಚರ್ಚೆ ಸೆಪ್ಟೆಂಬರ್‌ನಲ್ಲಿ ಏಳುವುದಿಲ್ಲ.

ಉತ್ತರ (ಎಪಿ ಲ್ಯಾಂಗ್ವೇಜ್ ಕಲಿಸುವವರು):

ಸ್ವಂತ ಭಾವನೆ ಬರೆಯಲೇಬಾರದು ಎಂದು ಕಟ್ಟಿಹಾಕಬೇಡಿ. ಅರ್ಥ ಹುಟ್ಟುವುದು ಓದುಗ ಮತ್ತು ಕೃತಿಯ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಎಂದು ಅಮೆರಿಕದ ಸಾಹಿತ್ಯ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ವಾದಿಸಿದರು. ಹಾಗೆಂದು ಯಾವ ಓದಾದರೂ ಸರಿ ಎಂದು ಅವರು ಹೇಳಲಿಲ್ಲ, ಕೃತಿಗೆ ಉತ್ತರ ಕೊಡಬಲ್ಲ ಓದು ಬೇಕು. ‘ನನಗೆ ಸಿಟ್ಟು ಬಂತು’ ಒಳ್ಳೆಯ ಆರಂಭ, ಯಾವ ಪದಕ್ಕೆ ಬಂತು ಎಂಬುದು ಮುಂದಿನ ವಾಕ್ಯ ಆಗಬೇಕು. ಜರ್ನಲನ್ನು ನೀವು ಓದುತ್ತೀರಿ ಎಂದು ಮೊದಲೇ ಹೇಳಿಬಿಡಿ. ಮನೆಯಲ್ಲಿ ಹಿಂಸೆಯ ಸುಳಿವು ಕಂಡರೆ ಶಿಕ್ಷಕರು ಅದನ್ನು ಕಾನೂನಿನ ಪ್ರಕಾರ ವರದಿ ಮಾಡಲೇಬೇಕು, ಇದೂ ಮಕ್ಕಳಿಗೆ ಗೊತ್ತಿರಲಿ.

ಪ್ರಶ್ನೆ ಕೇಳಿದವರು: ಆಗಸ್ಟ್‌ನಲ್ಲಿ ಬೇರೆ ಶಾಲೆಯಿಂದ ಬಂದು ಸೇರುವವರಿಗೆ ಏನು ಮಾಡುವುದು? ಎಲ್ಲ ಮುಗಿದ ಮೇಲೆ ಜರ್ನಲ್ ವಾಪಸು ಕೊಟ್ಟುಬಿಡುವುದೇ?

ಉತ್ತರ (ಎಪಿ ಲಿಟರೇಚರ್ ಕಲಿಸುವವರು):

ಸೊನ್ನೆ ಹಾಕಬೇಡಿ. ಮೂರು ಸಣ್ಣಕಥೆ, ಕಥೆಗೆ ಎರಡು ಟಿಪ್ಪಣಿ, ಮೂರು ವಾರ ಅವಕಾಶ.

ವಾಪಸು ಕೊಡಿ, ಆದರೆ ಎಸೆಯಬಾರದು ಎಂದು ಹೇಳಿ. ಮೇ ತಿಂಗಳ ಲಿಟರೇಚರ್ ಪರೀಕ್ಷೆಯ ಮೂರನೇ ಪ್ರಬಂಧದಲ್ಲಿ ಕೃತಿಯನ್ನು ವಿದ್ಯಾರ್ಥಿಯೇ ಆರಿಸಬೇಕು, ಪುಸ್ತಕ ಕೈಯಲ್ಲಿರುವುದಿಲ್ಲ, ಅದರ ಪಾಲಿಗೆ ಸಿಗುವುದು ಸುಮಾರು 40 ನಿಮಿಷ. ಏಪ್ರಿಲ್‌ನಲ್ಲಿ ಜರ್ನಲ್ ತೆರೆದು ಪ್ರತಿ ಪುಸ್ತಕಕ್ಕೆ ಒಂದು ಕಾರ್ಡ್ ಮಾಡಿಸಿ: ಪಾತ್ರಗಳ ಹೆಸರು ಕಾಗುಣಿತ ತಪ್ಪಿಲ್ಲದೆ, ನಿರೂಪಣೆ ಯಾರದು, ಮರುಕಳಿಸುವ ಎರಡು ಚಿತ್ರ, ಮತ್ತು ಆ ಬೇರೆ ಬಣ್ಣದ ಐದು ಸಾಲು ಇದ್ದ ಹಾಗೇ.