ಬ್ಲ್ಯಾಕ್‌ಪೂಲ್ ಮೇಣದ ಗೊಂಬೆ ಮ್ಯೂಸಿಯಂಗೆ ಹೋಗಿರೋರು ಇದೀರಾ? ಸಹಾಯ ಬೇಕು

ನಮಸ್ಕಾರ ಎಲ್ರಿಗೂ, ನಾವು ಮ್ಯಾಂಚೆಸ್ಟರಲ್ಲಿರೋದು, ಹಾಸನದಿಂದ ಅಮ್ಮ ಬಂದಿದಾರೆ, ಅಕ್ಟೋಬರಲ್ಲಿ ಒಂದಿನ ಬ್ಲ್ಯಾಕ್‌ಪೂಲಿಗೆ ಕರ್ಕೊಂಡೋಗಿ ಮೇಡಂ ಟುಸ್ಸಾಡ್ಸ್ ತೋರ್ಸಿ, ಕತ್ಲಾದ್ಮೇಲೆ ಬೀಚ್ ರೋಡಿನ ಇಲ್ಯುಮಿನೇಶನ್ಸ್ ಲೈಟೂ ನೋಡ್ಕೊಂಡು ರಾತ್ರಿನೇ ವಾಪಸ್ ಬರೋ ಪ್ಲಾನು. 1894ರ ಬ್ಲ್ಯಾಕ್‌ಪೂಲ್ ಟವರ್ರೂ ಅದೇ ರೋಡಲ್ಲಿದೆಯಲ್ಲ, ಎರಡಕ್ಕೂ ಸೇರ್ಸಿ ಟಿಕೆಟ್ ತಗೊಂಡ್ರೆ ಲಾಭನಾ? ಅಮ್ಮಂಗೆ ಮಂಡಿ ನೋವು, ಒಳಗಡೆ ಅಲ್ಲಲ್ಲಿ ಕೂರೋಕೆ ಜಾಗ ಇದ್ಯಾ? ಅಲ್ಲಿನ ನಾರ್ತ್ ರೈಲ್ವೆ ಸ್ಟೇಶನ್ನಿಂದ ಈಗ ಟ್ರಾಮ್ ಇದೆ, ಹಾಗಾಗಿ ನಡಿಗೆ ಚಿಂತೆ ಅಷ್ಟಿಲ್ಲ.

ಅಸಲಿ ತಲೆನೋವು ಮಗಳದ್ದು. 4 ವರ್ಷ. ಬಟ್ಟೆ ಅಂಗಡಿ ಗೊಂಬೆ ಕಂಡ್ರೇ ಅಜ್ಜಿ ಸೀರೆ ನೆರಿಗೆ ಒಳಗೆ ಮುಖ ಹುದುಗಿಸ್ಕೋತಾಳೆ, ಇನ್ನು ಕಣ್ಣು ಮಿಟುಕಿಸ್ದೇ ನಿಂತಿರೋ ಅಷ್ಟು ಜನರ ಮಧ್ಯೆ ಏನ್ ಗತಿಯೋ! ಚಿಕ್ಕ ಮಕ್ಕಳ ಜೊತೆ ಹೋಗಿರೋರು ಹೇಳ್ರಪ್ಪ ಪ್ಲೀಸ್.